ಕಂಬಳಿಗೆ ಮೈಲಿಗೆ ಹತ್ತುವುದಿಲ್ಲ

ನಮ್ಮೂರ ಕಾಗೆಗಳು ಹೆಂಗಸರನ್ನು ಮುಟ್ಟುತ್ತಿದ್ದ ಕಾಲ ಅದು. ಈಗಿನ ಕಾಗೆಗಳು ಆ ಉದ್ಯೋಗ ಬಿಟ್ಟಿವೆ. ಔಷಧದ ಅಂಗಡಿಯವರು ಹಳೆಯ ಪೇಪರಿನಲ್ಲಿ ಸುತ್ತಿ, ಯಾರೂ ನೋಡದಂತೆ ಕೈಗೆ ಕೊಡುವ ಪಾಕೀಟು ಬಂದ ಮೇಲೆ ಅವುಗಳಿಗೆ ಮಾಡಲು ಏನೂ ಉಳಿಯಲಿಲ್ಲ. ಆದರೆ ನಾನು ಸಣ್ಣವಳಿದ್ದಾಗ ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ನಮ್ಮ ಕನ್ನಡದ ಮೂಲೆಯಲ್ಲಿ ಅವು ಬಹಳ ನಿಷ್ಠೆಯಿಂದ ದುಡಿಯುತ್ತಿದ್ದವು. ತಿಂಗಳಿಗೊಮ್ಮೆ ನಮ್ಮ ಅವ್ವ ಅಡುಗೆಮನೆಗೆ ಬರದೆ ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕೂತಿರುತ್ತಿದ್ದಳು. ಅವ್ವ ಒಳಗೆ ಯಾಕೆ ಬರುವುದಿಲ್ಲ ಎಂದು ಕೇಳಿದರೆ ಆಯಿ, ಅಂದರೆ ನಮ್ಮಪ್ಪನ ತಾಯಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಕಾಗಿ ಮುಟ್ಟೈತಿ" ಅನ್ನುತ್ತಿದ್ದಳು. ಪಕ್ಕದೂರಿನ ಮರಾಠಿ ಮಂದಿಯೂ ಅದನ್ನೇ ತಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಈ ಒಂದು ವಿಷಯದಲ್ಲಿ ಎರಡು ರಾಜ್ಯಗಳ ನಡುವೆ ತಂಟೆ ಇರಲಿಲ್ಲ.

ಉಳಿದ ಮಕ್ಕಳು ಇದನ್ನು ಕೇಳಿ ಮರೆತು ಆಡಲು ಓಡುತ್ತಿದ್ದರು. ನಾನು ನಂಬಿದೆ. ಒಂದು ಮಾತನ್ನು ಅರ್ಧ ನಂಬಿ ಅರ್ಧ ಬಿಡುವ ವಿದ್ಯೆ ನನಗೆ ಬರುತ್ತಿರಲಿಲ್ಲ. ಅವ್ವನನ್ನು ಮುಟ್ಟುವ ಕಾಗೆ ಯಾವುದೆಂದು ಪತ್ತೆ ಹಚ್ಚಲು ಅಂಗಳದ ಬೇವಿನ ಗಿಡದ ಕೆಳಗೆ ಕೂತೆ. ಗಿಡದ ಮೇಲಿನ ಕಾಗೆಗಳಲ್ಲಿ ಒಂದರ ಕಾಲು ಸೊಟ್ಟ. ನನ್ನ ಗುಮಾನಿ ಅದರ ಮೇಲೆ ನೆಟ್ಟಿತು. ಅವ್ವ ನೀರಿಗೆ ಹೊರಟರೆ ಕೋಲು ಹಿಡಿದು ಹಿಂದೆ ಹೊರಡುತ್ತಿದ್ದೆ. ಬಾವಿಯ ಹತ್ತಿರದ ಹೆಂಗಸರು, "ಯವ್ವಾ, ನಿನ್ನ ಸಿಪಾಯಿ ಬಂದ್ಳ ನೋಡ" ಎಂದು ನಗುತ್ತಿದ್ದರು. ಯಾಕೆ ನಗುತ್ತಾರೆಂದು ನನಗೆ ತಿಳಿಯುತ್ತಿರಲಿಲ್ಲ. ಕೆಲಸದ ಮೇಲಿದ್ದವರನ್ನು ನೋಡಿ ನಗುವುದು ಸರಿಯಲ್ಲ ಎಂದು ಮಾತ್ರ ಅನ್ನಿಸುತ್ತಿತ್ತು.

ನನ್ನಂಥವರಿಗೆ ಈಗ ಆಟಿಸಂ ಎಂಬ ಹೆಸರು ಬಂದಿದೆ. ಆಗ ನಮ್ಮ ಓಣಿಯಲ್ಲಿ ಚಲಾವಣೆಯಲ್ಲಿದ್ದ ಹೆಸರು 'ಮಬ್ಬ'. ಇದು ಬೈಗುಳವೇನೂ ಅಲ್ಲ. ಕುಂಟ, ಕುರುಡ ಅಂದಂತೆ ಗುರುತಿಗೆ ಹೇಳುತ್ತಿದ್ದರು. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮುಟ್ಟಿದರೆ ಮೈ ಸೆಟೆಯುತ್ತಿತ್ತು. ಕುಂಟಾಟದಲ್ಲಿ ಔಟಾದವಳು ಆಗಿಲ್ಲವೆಂದು ಸುಳ್ಳು ಹೇಳಿ ಮುಂದುವರಿದರೆ ನನಗೆ ಅದೇ ಇಡೀ ದಿನದ ಚಿಂತೆ. ಹೀಗಾಗಿ ಆಟಕ್ಕೆ ಕರೆಯುವುದನ್ನು ಬಿಟ್ಟರು. ನಾನು ಗಜ್ಜುಗದ ಕಾಯನ್ನು ಕಲ್ಲಿಗೆ ತಿಕ್ಕಿ ಬಿಸಿ ಮಾಡಿ, ಉಳಿದವರಂತೆ ಇನ್ನೊಬ್ಬರ ತೊಡೆಗೆ ಚುರ್ ಅನ್ನಿಸುವ ಬದಲು ನನ್ನದೇ ಗಲ್ಲಕ್ಕೆ ಒತ್ತಿಕೊಂಡು ಕೂರುತ್ತಿದ್ದೆ. ಅದು ತಣ್ಣಗಾದರೆ ಮತ್ತೆ ತಿಕ್ಕುತ್ತಿದ್ದೆ.

ನನಗೆ ಹಿತವೆನಿಸುತ್ತಿದ್ದದ್ದು ಮುತ್ತ್ಯಾನ ಸಹವಾಸ. ನಮ್ಮ ಕಡೆ ಅಜ್ಜನಿಗೆ ಮುತ್ತ್ಯಾ ಅನ್ನುತ್ತಾರೆ. ನಮ್ಮದು ಕುರಿ ಕಾಯುವ ಮನೆತನ. ಮಳೆಗಾಲದಲ್ಲಿ ಹಿಂಡು ಊರ ಸುತ್ತಲಿನ ಮಡ್ಡಿಯಲ್ಲಿ ಮೇಯುತ್ತಿತ್ತು. ದೀಪಾವಳಿ ಮುಗಿದ ಮೇಲೆ ಮುತ್ತ್ಯಾ ಮತ್ತು ಇಬ್ಬರು ಕಾಕಾಗಳು ಅದನ್ನು ಹೊಡೆದುಕೊಂಡು ಪಶ್ಚಿಮಕ್ಕೆ, ಕೃಷ್ಣೆಯ ದಂಡೆಯ ಕಬ್ಬಿನ ಸೀಮೆಗೆ ಹೋಗುತ್ತಿದ್ದರು. ಮತ್ತೆ ಮಳೆ ಬೀಳುವ ಹೊತ್ತಿಗೆ ತಿರುಗಿ ಬರುತ್ತಿದ್ದರು. ನಮ್ಮ ಮನೆಯ ಹೆಂಗಸರು ಹಿಂಡಿನ ಹಿಂದೆ ಹೋಗುವ ಪದ್ಧತಿ ಇರಲಿಲ್ಲ. ಆದರೆ ಆಗಷ್ಟೇ ಹುಟ್ಟಿದ ಮರಿಗಳನ್ನು ನೋಡಿಕೊಳ್ಳಲು ಒಂದು ಮಗು ಬೇಕಾಗುತ್ತಿತ್ತು. ಹೆಣ್ಣಾದರೂ ನಡೆಯುತ್ತಿತ್ತು, ಸಣ್ಣದಿರಬೇಕು ಅಷ್ಟೆ. ಹಾಗೆ ಎರಡು ವರ್ಷ ನಾನು ಹೋಗಿ ಬಂದಿದ್ದೆ. ಸಾಲೆಯ ಗುರೂಜಿಗೂ ಇದರಿಂದ ತೊಂದರೆ ಇರಲಿಲ್ಲ. ನಾನು ಇದ್ದಾಗಲೂ ಹಾಜರಿ ಕೂಗಿದರೆ ಓಗೊಡುತ್ತಿರಲಿಲ್ಲವಾದ್ದರಿಂದ ಅವರಿಗೆ ದೊಡ್ಡ ವ್ಯತ್ಯಾಸ ಕಾಣಿಸಿರಲಾರದು.

ಆ ಅಡವಿಯ ದಿನಗಳಲ್ಲಿ ಮುತ್ತ್ಯಾ ಮತ್ತು ನಾನು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಒಂದು ಪುಟ ತುಂಬಲಿಕ್ಕಿಲ್ಲ. ಬೆಳಿಗ್ಗೆ ಮೂರು ಕಲ್ಲಿನ ಒಲೆಯ ಮೇಲೆ ಕುರಿಯ ಹಾಲು ಕಾಯುತ್ತಿತ್ತು. ಅದರಲ್ಲಿ ಒಣರೊಟ್ಟಿ ಮುರಿದು ಹಾಕಿ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಕುರಿಯ ಹಾಲಿಗೆ ಒಂದು ವಾಸನೆಯಿದೆ, ಉಂಡವರಿಗಷ್ಟೇ ಗೊತ್ತು, ತೋಯ್ದ ಉಣ್ಣೆಗೂ ಬೆಲ್ಲಕ್ಕೂ ನಡುವಿನದು. ಮಧ್ಯಾಹ್ನ ಜಾಲಿಯ ನೆರಳಲ್ಲಿ ಅವನು ಉಣ್ಣೆ ನೂಲುತ್ತಿದ್ದ, ನಾನು ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂರುತ್ತಿದ್ದೆ. ಚಳಿ ಬಿದ್ದರೆ ಕಂಬಳಿ ಕೊಡುತ್ತಿದ್ದ. ಹುಣಸೆ ಬೀಜದ ಗಂಜಿ ಕುಡಿದು ಹಲಗೆಯಂತಾದ ಹೊಸ ಕರಿ ಕಂಬಳಿ. ಉಳಿದವರಿಗೆ ಚುಚ್ಚುತ್ತಿತ್ತು, ನನಗೆ ಅದರ ಭಾರ ಬೇಕಾಗುತ್ತಿತ್ತು. ಅದು ಮೈಮೇಲೆ ಬಿದ್ದರೆ ಜಗತ್ತು ಸ್ವಲ್ಪ ದೂರ ಸರಿದು ಕೂತಂತಾಗುತ್ತಿತ್ತು. "ಯಾಕ ಸುಮ್ಮ ಕುಂತಿ?" ಎಂದು ಮುತ್ತ್ಯಾ ಒಂದು ಸಲವೂ ಕೇಳಲಿಲ್ಲ. ಅವನೂ ಸುಮ್ಮನೆ ಕೂತಿರುತ್ತಿದ್ದ.

ಮೂರನೆಯ ವರ್ಷ ದೀಪಾವಳಿಗೆ ಇನ್ನೇನು ಕೆಲವೇ ದಿನಗಳಿದ್ದಾಗ ನನಗೆ ಆದದ್ದು ಆಯಿತು. ನನಗೆ ಒಂಬತ್ತು ತುಂಬಿರಲಿಲ್ಲ.

ನಾನು ಅಂಜಲಿಲ್ಲ. ಎಲ್ಲೋ ಗಾಯವಾಗಿದೆ ಎಂದುಕೊಂಡು ಅವ್ವನಿಗೆ ಹೇಳಿದೆ. ಅವ್ವನ ಮುಖ ಬಿಳಿಚಿತು. ಅವಳು ಆಯಿಗೆ ಹೇಳಿದಳು. ಆಯಿ ಬಂದು ನೋಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು:

"ಕಾಗಿ ಮುಟ್ಟೈತಿ."

"ಮುಟ್ಟಿಲ್ಲ" ಅಂದೆ.

"ಮುಟ್ಟೈತಿ ಅಂದ್ರ ಮುಟ್ಟೈತಿ."

"ಮುಟ್ಟಿಲ್ಲಾಯಿ. ನಾ ಮುಂಜಾನಿಂದ ಗಿಡದ ಬುಡಕ ಕುಂತೇನಿ. ಸೊಟ್ಟಕಾಲಿಂದು ಕೆಳಗ ಇಳದ ಇಲ್ಲ."

ನನ್ನ ಸಾಕ್ಷ್ಯವನ್ನು ಯಾರೂ ದಾಖಲೆಗೆ ತೆಗೆದುಕೊಳ್ಳಲಿಲ್ಲ. ಸಂಜೆಯೊಳಗೆ ಪಡಸಾಲೆ ಓಣಿಯ ಹೆಂಗಸರಿಂದ ತುಂಬಿತು. ಅಲ್ಲಿ ಒಂದು ವೈದ್ಯ ಸಮ್ಮೇಳನವೇ ನಡೆಯಿತು ಅನ್ನಬೇಕು. ಕುರಿಯ ಹಾಲು ಕುಡಿದದ್ದಕ್ಕೆ ಹೀಗಾಯಿತೆಂದು ಒಬ್ಬಳ ವಾದ. ಬೆಲ್ಲ ತಿಂದು ಉಷ್ಣವಾಗಿದೆ ಎಂದು ಇನ್ನೊಬ್ಬಳು. ಕಾಕಾನ ಮಗಳು ರೇಣುಕಾ ನನಗಿಂತ ಒಂದು ವರ್ಷ ದೊಡ್ಡವಳು, ಅದೇ ಮನೆ, ಅದೇ ಬೆಲ್ಲ. ಅವಳು ಬಾಗಿಲಲ್ಲಿ ನಿಂತು ಹಲ್ಲು ಬಿಡುತ್ತಿದ್ದಳು. "ಹಂಗಾರ ಈಕಿಗಿ ಯಾಕ ಆಗಿಲ್ಲ?" ಎಂದು ಯಾರೋ ಕೇಳಿದರು. ಕೊನೆಗೆ ಒಬ್ಬ ಮುದುಕಿ ತೀರ್ಪು ಕೊಟ್ಟಳು: "ಮಬ್ಬ ಹುಡುಗ್ಯಾರು ಹಿಂಗ ಲಗೂನ ದೊಡ್ಡಾವ್ರಾಗ್ತಾರ. ನಮ್ಮ ತವರಮನ್ಯಾಗೂ ಒಬ್ಬಾಕಿ ಇದ್ಲು." ಇದನ್ನು ಆಕೆ ಯಾವ ಆಧಾರದ ಮೇಲೆ ಹೇಳಿದಳೋ ಗೊತ್ತಿಲ್ಲ. ಎಲ್ಲರೂ ತಲೆಯಾಡಿಸಿ ಎಲೆಯಡಿಕೆ ಹಾಕಿಕೊಂಡರು.

ನನ್ನನ್ನು ಕೂಡಿಸಿದರು. ಹಾಗೆಂದರೆ ಮೂಲೆಯಲ್ಲಿ ಕಂಬಳಿ ಹಾಸಿ, ನೀರೆರೆದು, ಹೊಸ ಸೀರೆಯ ತುಂಡು ಸುತ್ತಿ, ಹೂ ಮುಡಿಸಿ ದೇವರ ಮೂರ್ತಿಯಂತೆ ಸ್ಥಾಪಿಸುವುದು. ಪ್ರತಿ ಸಂಜೆ ಆರತಿ, ಹಾಡು, ಉಡಿ ತುಂಬುವುದು. ಕೊಬ್ಬರಿ, ಉತ್ತತ್ತಿ, ಅಂಟಿನುಂಡಿ, ಗೋದಿ ಹುಗ್ಗಿ. ಒಬ್ಬಳು ತಿನ್ನಿಸಿ ಮುಗಿಸುವಷ್ಟರಲ್ಲಿ ಇನ್ನೊಬ್ಬಳ ಕೈ ಬಾಯಿಯ ಮುಂದೆ ಇರುತ್ತಿತ್ತು. ಅರಿಸಿನ, ಕೊಬ್ಬರಿ ಎಣ್ಣೆ, ಬಾಡಿದ ಅಬ್ಬಲಿ ಹೂ, ಬೆವರು ಎಲ್ಲ ಸೇರಿ ಮೂಗು ಕಟ್ಟುತ್ತಿತ್ತು. ಇಷ್ಟು ಕೈಗಳು ನನ್ನನ್ನು ಹುಟ್ಟಿದ ಮೇಲೆ ಮುಟ್ಟಿರಲಿಲ್ಲ. ಮೊದಲ ದಿನ ಸೆಟೆದೆ. ಆಮೇಲೆ ಮೈಯನ್ನು ಅವರಿಗೆ ಬಿಟ್ಟುಕೊಟ್ಟು ನಾನು ಹಿಂದಕ್ಕೆ ಸರಿದುಬಿಟ್ಟೆ. ಎಲ್ಲಿಗೆ ಎಂದು ಹೇಳಲು ಬರುವುದಿಲ್ಲ. ಅಲ್ಲಿಂದ ಹಾಡು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿತ್ತು, ಅವು ಯಾವುದೋ ಬೇರೆ ಮನೆಯ ಕಾರ್ಯದಂತೆ ಇದ್ದವು.

ಹಸಿರು ಬಳೆ ಇಡಿಸಲು ಮಮತಾಜಬಿ ಬಂದಳು. ವಳಸಂಗದ ಕಡೆಯಿಂದ ಬಳೆಯ ಮಲಾರ ಹೊತ್ತು ತಿರುಗುತ್ತಿದ್ದವಳು. ನನ್ನ ಕೈ ಹಿಡಿದು ಒತ್ತಿದಳು.

"ಹಾತ್ ಢೀಲಾ ಛೋಡ್ ಬೇಟಿ. ಕೈ ಸಡಲ ಬಿಡು. ನಾ ಏನ ಬೇಡಿ ಹಾಕಾಕತ್ತಿಲ್ಲ."

"ಸಪ್ಪಳ ಆಗ್ತೈತಿ."

"ಬಳಿ ಅಂದ್ರ ಸಪ್ಪಳ ಆಗೂದ. ಸಪ್ಪಳ ಇಲ್ಲದ ಬಳಿ ತರಾಕ ನಾ ಯಾವ ಪ್ಯಾಟಿಗಿ ಹೋಗ್ಲಿ?"

ಬಾಯಲ್ಲಿ ಹೀಗಂದವಳು ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು, ಬಳೆಗಳನ್ನೆಲ್ಲ ಒಟ್ಟಿಗೆ ಸುತ್ತಿ ಕಟ್ಟಿದಳು. ಸಪ್ಪಳ ನಿಂತಿತು. ಆಮೇಲೆ ಆಯಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಆಯಿ, ಇದು ಇನ್ನಾ ಕೂಸೈತ್ರಿ" ಅಂದಳು.

"ಕೂಸ ಅಂತ ನಿನಗ ಗೊತ್ತು, ನನಗ ಗೊತ್ತು" ಅಂದಳು ಆಯಿ. "ಊರಿಗಿ ಯಾರ ಹೇಳಾವ್ರು?"

ನಾನು ಅದನ್ನು ಕೇಳಿಸಿಕೊಂಡೆ, ಅರ್ಥವಾಗಲಿಲ್ಲ. ಊರಿಗೆ ಹೇಳುವುದೇನು ಕಷ್ಟ, ಡಂಗುರದವನು ಇದ್ದಾನಲ್ಲ ಅಂದುಕೊಂಡೆ.

ಹಬ್ಬ ಬಂತು, ಹೋಯಿತು. ಅಂಗಳದಲ್ಲಿ ಹಿಂಡು ಹೊರಡುವ ಸಿದ್ಧತೆ ನಡೆದಿತ್ತು. ನಾನು ಮೂಲೆಯಲ್ಲಿ ಕೂತೇ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಕುದುರೆಯ ಮೇಲೆ ಹೇರುವ ಚೀಲ ಹೊಲಿಯುವುದು, ಕುರಿಗಳ ಗೊರಸು ನೋಡುವುದು, ಕಾಕಾಗಳು ರಾತ್ರಿ ಹಿಂಡು ಕೂಡುವ ಬಲೆ, ಗೂಟ ಕಟ್ಟುವುದು. ನಾನು ಯಾವಾಗ ಹೊರಡಬೇಕೆಂದು ಯಾರೂ ಹೇಳಲಿಲ್ಲ. ಕೊನೆಗೆ ನಾನೇ ಆಯಿಯನ್ನು ಕೇಳಿದೆ.

"ನೀ ಎಲ್ಲಿ ಹೊಕ್ಕಿ? ರೇಣುಕಾ ಹೋಗ್ತಾಳ ಈ ಸರ್ತಿ."

"ಮರಿ ನೋಡಾಕಿ ನಾ."

"ನೋಡ್ತಿದ್ದಿ. ಈಗ ದೊಡ್ಡಾಕಿ ಆಗೀದಿ."

"ರೇಣುಕಾ ನನಗಿಂತ ಉದ್ದ ಅದಾಳ."

"ಉದ್ದ ಇದ್ರ ಏನಾತು? ನಿನಗ ಮೈಲಗಿ ಐತಿ. ದಡ್ಡ್ಯಾಗ ಕಾಲಿಡಬಾರದು. ದೇವರ ಕುರಿ ಅವು."

ದಡ್ಡಿ ಅಂದರೆ ಮನೆಯ ಹಿಂದೆ ಮುಳ್ಳುಬೇಲಿ ಹಾಕಿ ಕುರಿ ಕೂಡುವ ಜಾಗ. ನಾನು ಕೂತಿದ್ದ ಕಂಬಳಿಯನ್ನು ನೋಡಿದೆ.

"ಮತ್ತ ಈ ಕಂಬಳಿ ಮ್ಯಾಗ ಕುಂತೇನಿ. ಕಂಬಳಿ ದೇವರ ಕುರೀದ ಅಲ್ಲೇನು?"

"ಕಂಬಳಿಗಿ ಮೈಲಗಿ ಹತ್ತಂಗಿಲ್ಲ" ಅಂದಳು ಆಯಿ, ನೀರು ಒದ್ದೆ ಅನ್ನುವಷ್ಟೇ ಸಲೀಸಾಗಿ. "ಅದಕ್ಕ ಅದರ ಮ್ಯಾಗ ಕುಂಡ್ರಸೂದು. ಎಂದಿದ್ರೂ ಮಡಿ ಅದು."

ಇದು ನಿಜ. ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅರಿವೆಗೆ ಮೈಲಿಗೆ ಉಂಟು, ಉಣ್ಣೆಗೆ ಇಲ್ಲ. ಸ್ನಾನ ಮಾಡದೆಯೂ ಕಂಬಳಿ ಹೊದ್ದರೆ ಪೂಜೆಗೆ ಕೂರಬಹುದು. ಹಿರಿಯರು ಇದನ್ನು ತಮಗೆ ಬೇಕಾದಲ್ಲಿ ಬಳಸಿ ಬೇಡವಾದಲ್ಲಿ ಮರೆಯುತ್ತಿದ್ದರು. ನನಗೆ ಮರೆಯಲು ಬರುತ್ತಿರಲಿಲ್ಲ. ಮೈಲಿಗೆ ನನ್ನೊಳಗೆ ಇದೆ, ಕಂಬಳಿಗೆ ಅದು ಹತ್ತುವುದಿಲ್ಲ. ಹಾಗಾದರೆ ಸುತ್ತಲೂ ಕಂಬಳಿ ಇದ್ದರೆ ಮೈಲಿಗೆ ಹೊರಗೆ ಬರುವ ದಾರಿಯೇ ಇಲ್ಲ. ಎಣ್ಣೆ ಬಾಟಲಿಗೆ ಬೂಚು ಹಾಕಿದರೆ ಎಣ್ಣೆ ಚೆಲ್ಲುತ್ತದೆಯೇ? ಇಷ್ಟು ಸರಳ ಸಂಗತಿ ಇವರಿಗೆ ಹೊಳೆದಿಲ್ಲವಲ್ಲ ಎಂದು ನನಗೆ ಅವರ ಬಗ್ಗೆ ಸ್ವಲ್ಪ ಮರುಕವೂ ಬಂತು.

ಕೊನೆಯ ಆರತಿಯ ಸಂಜೆ. ಮರುದಿನ ಬೆಳಿಗ್ಗೆ ಹಿಂಡು ಹೊರಡುವುದಿತ್ತು. ಪಡಸಾಲೆ ತುಂಬ ಹೆಂಗಸರು. ಹಾಡಿನ ನಡುವೆ ನಾನು ಎದ್ದೆ. ಉಡಿಯಲ್ಲಿದ್ದ ಕೊಬ್ಬರಿ, ಅಕ್ಕಿ ನೆಲಕ್ಕೆ ಚೆಲ್ಲಿತು. ಕಂಬಳಿಯನ್ನು ಎಳೆದು ಕೊಪ್ಪೆ ಮಾಡಿ ತಲೆಯ ಮೇಲಿಂದ ಇಳಿಬಿಟ್ಟೆ. ಕಾಲ ಬೆರಳೂ ಕಾಣದಂತೆ ಸುತ್ತಿಕೊಂಡೆ. ಮೂಗಿನ ಮುಂದೆ ಮಾತ್ರ ಒಂದು ಸಂದು. ಹಾಡುತ್ತಿದ್ದವರು ಇದೂ ಶಾಸ್ತ್ರದ ಒಂದು ಭಾಗವಿರಬೇಕೆಂದು ದಾರಿ ಬಿಟ್ಟರು. ನಾನು ಹಿತ್ತಲ ಬಾಗಿಲಿನಿಂದ ಹೊರಗೆ ನಡೆದು, ದಡ್ಡಿಯ ಮುಳ್ಳುಗಂಟಿ ಸರಿಸಿ ಒಳಗೆ ಹೋಗಿ ಕುರಿಗಳ ನಡುವೆ ಕೂತೆ. ಕುರಿಗಳು ಗುರುತು ಹಿಡಿದವು. ಒಂದು ಮರಿ ಬಂದು ಕಂಬಳಿಯ ಅಂಚು ಚೀಪತೊಡಗಿತು.

ಹಿಂದೆಯೇ ಊರೇ ಬಂತು. ನನ್ನನ್ನು ಮುಟ್ಟಿ ಆರತಿ ಮಾಡಿದವರು, ಹೀಗಾಗಿ ಯಾರೂ ಒಳಗೆ ಬರುವಂತಿರಲಿಲ್ಲ. ಬೇಲಿಯ ಆಚೆ ಸಾಲಾಗಿ ನಿಂತರು.

"ಬಾರಲೇ ಹೊರಗ" ಅಂದಳು ಆಯಿ. "ಕುರಿ ಕೆಡಸ್ತೀ."

"ಕೆಡಂಗಿಲ್ಲ. ಕಂಬಳಿ ಹೊತಗೊಂಡೇನಿ."

"ಏನಂತಾಳ ಇಕಿ?"

"ಕಂಬಳಿಗಿ ಮೈಲಗಿ ಹತ್ತಂಗಿಲ್ಲಂತ ನೀನ ಅಂದೀದಿ."

ಯಾರೋ ಕಿಸಕ್ಕೆಂದರು. ಮುತ್ತ್ಯಾನನ್ನು ಕರೆತಂದರು. ಅವನು ತಲೆಯ ಪಟಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಪ್ರಕರಣವನ್ನು ಕೇಳಿಕೊಂಡ. ಆಯಿಯ ಅಹವಾಲು ಉದ್ದವಾಗಿತ್ತು. ನನ್ನದು ಒಂದೇ ವಾಕ್ಯ. ಮುತ್ತ್ಯಾ ಬಹಳ ಹೊತ್ತು ನೆಲ ಕೆರೆದ.

"ಅಕಿ ಅನ್ನೂದ ಖರೆ ಐತಿ" ಅಂದ.

"ಏನ ಖರೆ?"

"ಕಂಬಳಿಗಿ ಮೈಲಗಿ ಇಲ್ಲ. ನಮ್ಮಪ್ಪಾನೂ ಹಂಗ ಅಂತಿದ್ದ."

"ನಾಳಿ ಓಣ್ಯಾನ ಹೆಂಗಸರೆಲ್ಲಾ ಕಂಬಳಿ ಹೊತಗೊಂಡ ಗುಡ್ಯಾಗ ಹೋಗ್ಲೇನು ಹಂಗಾರ?"

"ಹೋದ್ರ ಕೆಡ್ತೈತಿ ಅಂತ ಯಾರೂ ಹೇಳಿಲ್ಲ ನನಗ" ಅಂದ ಮುತ್ತ್ಯಾ. ಅವನು ಹಾಸ್ಯ ಮಾಡುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ತಪ್ಪು ಕಾಣಿಸಿರಲಿಲ್ಲ. ಈಗ ನನಗೆ ಅನ್ನಿಸುತ್ತದೆ, ನನಗಿದ್ದದ್ದರ ಒಂದು ಪಾಲು ಅವನಿಗೂ ಇತ್ತೆಂದು. ಗಂಡಸು, ಕುರಿ ಕಾಯುವವನು. ಅವನ ಮೌನಕ್ಕೆ ಯಾರೂ ಹೆಸರಿಡಲು ಹೋಗಿರಲಿಲ್ಲ.

ನಾನು ಗೆದ್ದೆ ಅಂದುಕೊಂಡೆ. ಕಂಬಳಿಯ ಸಂದಿನಿಂದ ಆಯಿಯ ಕಾಲು ಕಾಣುತ್ತಿತ್ತು. ಅವಳು ಹೆಂಗಸರನ್ನು, "ನಡೀರಿ ನೀವು, ಕುಂದ್ರಿ ಒಳಗ, ಹುಗ್ಗಿ ತಣ್ಣಗಾಕ್ಕೈತಿ" ಎಂದು ಕಳಿಸಿದಳು. ಎಲ್ಲರೂ ಹೋದ ಮೇಲೆ ಮುತ್ತ್ಯಾನ ಎದುರು ಕೂತಳು. ಇಷ್ಟು ಹೊತ್ತು ಇದ್ದ ದನಿ ಅದಾಗಿರಲಿಲ್ಲ.

"ಮೈಲಗಿ ಮಾತ ಬಿಡು. ನೀವು ಗಂಡಸರ ಮೂರು ಮಂದಿ. ಹಗಲೆಲ್ಲಾ ಹಿಂಡಿನ ಹಿಂದ. ಇಕಿ ಒಬ್ಬಾಕೀನ ಬಿಡಾರದಾಗ. ದಾರ್ಯಾಗ ಹೋಗಾವ್ರು ಬರಾವ್ರು ಇರ್ತಾರ. ಹ್ವಾದ ವರ್ಷ ನೋಡಿದವ್ರು ಕೂಸ ಅಂತಿದ್ರು. ಈಗ ಮೈ ನೋಡಿ ಹೆಂಗಸ ಅಂತಾರ. ಯಾವನರೆ ಬಂದು, ನಿಮ್ಮ ಮುತ್ತ್ಯಾ ಕರ್ಯಾಕತ್ತಾನ ಬಾ ಅಂದ್ರ ಇಕಿ ಏನ ಮಾಡ್ತಾಳ?"

ಮುತ್ತ್ಯಾ ನನ್ನ ಕಡೆ ನೋಡಿದ. "ಏನ ಮಾಡ್ತೀವಾ?" ಎಂದು ಕೇಳಿದ.

"ಹೋಗ್ತೀನಿ" ಅಂದೆ. ಮುತ್ತ್ಯಾ ಕರೆದರೆ ಹೋಗದಿರುವುದು ಹೇಗೆ?

"ಮಂದಿ ಅಂದಿದ್ದೆಲ್ಲಾ ಖರೆ ಅಂತ ನಂಬ್ತಾಳ" ಅಂದಳು ಆಯಿ ನಿಧಾನವಾಗಿ. ಮುತ್ತ್ಯಾ ಎದ್ದ. ದಡ್ಡಿಯೊಳಗೆ ಬಂದು, ಮರಿಯ ಬಾಯಿಂದ ಕಂಬಳಿಯ ಅಂಚು ಬಿಡಿಸಿ, ನನ್ನನ್ನು ಕಂಬಳಿಯ ಸಮೇತ ಎತ್ತಿ ಪಡಸಾಲೆಯ ಮೂಲೆಯಲ್ಲಿ ಕೂರಿಸಿ ಹೋದ. ನಾನು ಎಲ್ಲಿ ತಪ್ಪಿದೆನೆಂದು ಆಗ ತಿಳಿಯಲಿಲ್ಲ. ಸರಿಯಾದ ಉತ್ತರವನ್ನೇ ಕೊಟ್ಟಿದ್ದೆ.

ಬೆಳಿಗ್ಗೆ ಹಿಂಡು ಹೊರಟಿತು. ಮುಂದೆ ಕುದುರೆ, ಹಿಂದೆ ಧೂಳು, ಧೂಳಿನಲ್ಲಿ ರೇಣುಕಾ, ಕಂಕುಳಲ್ಲಿ ಮರಿ ಹಿಡಿದುಕೊಂಡು, ಹೋಗಲಾರೆನೆಂದು ಅಳುತ್ತ. ನನ್ನನ್ನು ಹೊಸ್ತಿಲವರೆಗೆ ಬಿಟ್ಟರು. ಮುತ್ತ್ಯಾ ತಿರುಗಿ ನೋಡಿದನೋ ಇಲ್ಲವೋ, ನಾನು ಕುರಿಗಳ ಕಾಲನ್ನು ನೋಡುತ್ತಿದ್ದೆ. "ಮುತ್ತ್ಯಾ ಹೊಂಟಾನ, ಇಕಿ ಕಣ್ಣಾಗ ಹನಿ ನೀರಿಲ್ಲ ನೋಡ್ರಿ" ಅಂದಳು ನೆರೆಯವಳು. ಹೌದು, ಇರಲಿಲ್ಲ. ಹಿಂಡು ಹೋದ ಮೇಲೆ ಅಂಗಳದಲ್ಲಿ ಹಿಕ್ಕೆಯ ವಾಸನೆ ಉಳಿದಿತ್ತು. ಅವ್ವ ಗುಡಿಸಿದಳು. ನಾನು ಒಳಗೆ ಬಂದು ಉಂಡೆ. ರುಚಿ ತಿಳಿಯಲಿಲ್ಲ, ಆದರೆ ತಾಟು ಖಾಲಿಯಾಯಿತು.

ಆ ಚಳಿಗಾಲ ಆಯಿ ನನಗೆ ಮನುಷ್ಯಳಾಗುವ ತರಬೇತಿ ಕೊಟ್ಟಳು. ಯಾವ ದೊಡ್ಡ ಕಾಲೇಜಿನಲ್ಲೂ ಅಷ್ಟು ಶಿಸ್ತಾಗಿ ಕಲಿಸಲಾರರು.

"ಮಂದಿ ಮಾತಾಡಿಸಿದ್ರ ಅವ್ರ ಕಣ್ಣ ನೋಡು."

"ಆಗಂಗಿಲ್ಲಾಯಿ. ಉರಿತೈತಿ."

"ಹಂಗಾರ ಹುಬ್ಬ ನೋಡು. ಅವ್ರಿಗೇನ ಗೊತ್ತಾಗ್ತೈತಿ?"

"ನಗಾಕತ್ರ?"

"ನೀನೂ ನಗು. ಯಾಕ ನಕ್ರಂತ ಆಮ್ಯಾಲ ಮನ್ಯಾಗ ನನ್ನ ಕೇಳು."

ಬಂದವರಿಗೆ 'ಬರ್ರಿ' ಅನ್ನಬೇಕು, 'ಕುಂದ್ರಿ' ಅನ್ನಬೇಕು, ನೀರು ಕೊಡಬೇಕು, ಮನೆಯಲ್ಲಿ ಎಲ್ಲ ಆರಾಮವೇ ಎಂದು ಕೇಳಬೇಕು. ಅವರು ಹೇಳುವ ಉತ್ತರವನ್ನು ಕೇಳಿಸಿಕೊಳ್ಳದಿದ್ದರೂ ನಡೆಯುತ್ತದೆ. ಗಂಡಸರು ಯಾರಾದರೂ ಕರೆದರೆ, ಸ್ವತಃ ದೇವರೇ ಕರೆದರೂ, "ಆಯಿನ್ನ ಕೇಳಿ ಬರ್ತೀನಿ" ಅನ್ನಬೇಕು. ಇದನ್ನು ದಿನಾ ಒಪ್ಪಿಸುತ್ತಿದ್ದೆ. ತಪ್ಪಿದರೆ ತಲೆಗೆ ಮೊಟಕು. ಆಯಿ ಕ್ರೂರಳಾಗಿರಲಿಲ್ಲ. ಅವಳು ಅಂಜಿದ್ದಳು. ಉಳಿದ ಹುಡುಗಿಯರಿಗೆ ಇದೆಲ್ಲ ಮೈಯೊಂದಿಗೆ ನಿಧಾನವಾಗಿ ಬರುತ್ತದೆ. ನನ್ನ ಮೈ ಮುಂದೆ ಓಡಿತ್ತು, ಉಳಿದದ್ದು ಇನ್ನೂ ಬೇವಿನ ಗಿಡದ ಕೆಳಗೆ ಕೂತಿತ್ತು. ಅದನ್ನು ಎಳೆದು ತಂದು ಜೊತೆಗೂಡಿಸಲು ಅವಳಿಗೆ ಸಿಕ್ಕ ಹೊತ್ತು ಒಂದು ಚಳಿಗಾಲ.

ಹೋಳಿ ಹುಣ್ಣಿಮೆಯ ಹೊತ್ತಿಗೆ ನಾನು ಪಾಸಾಗಿದ್ದೆ. ಓಣಿಯವರು ಮಬ್ಬ ಅನ್ನುವುದನ್ನು ಬಿಟ್ಟಿದ್ದರು. "ದೊಡ್ಡಾಕಿ ಆದಿಂದ ಭಾಳ ಶಾಣ್ಯಾ ಆತು ಹುಡುಗಿ" ಅನ್ನುತ್ತಿದ್ದರು. ನಾನು ಅವರ ಹುಬ್ಬು ನೋಡುತ್ತಿದ್ದೆ.

ಮೃಗಶಿರದ ಮಳೆ ಬಿದ್ದ ಮೇಲೆ ಹಿಂಡು ತಿರುಗಿ ಬಂತು. ನಾನು ಹೊಸ್ತಿಲಲ್ಲಿ ನಿಂತಿದ್ದೆ. ಮುತ್ತ್ಯಾ ಅಂಗಳಕ್ಕೆ ಬಂದು ಕೋಲನ್ನು ಗೋಡೆಗೆ ಆನಿಸಿದ. ಮೊದಲಾಗಿದ್ದರೆ ಇಬ್ಬರೂ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆವು, ಅಷ್ಟೆ.

"ಬರ್ರಿ ಮುತ್ತ್ಯಾ, ಕುಂದ್ರಿ" ಅಂದೆ. "ಆರಾಮ ಅದೀರೇನ್ರಿ? ದಾರ್ಯಾಗ ತ್ರಾಸ ಆಗಲಿಲ್ಲಲ್ರಿ?"

ಮುತ್ತ್ಯಾ ನನ್ನನ್ನು ನೋಡಿದ. ಅವನ ಹುಬ್ಬುಗಳು ಬಿಳಿಯಾಗಿದ್ದವು, ಅದು ನನಗೆ ಅಂದೇ ಗೊತ್ತಾದದ್ದು. ಆಮೇಲೆ, "ಆರಾಮ ಅದೀನವಾ" ಎಂದು, ಕಟ್ಟೆಯ ತುದಿಯಲ್ಲಿ, ಬೇರೆಯವರ ಮನೆಗೆ ಬಂದವರಂತೆ ಕಾಲು ಕೂಡಿಸಿ ಕೂತ. ನಾನು ನೀರು ತಂದುಕೊಟ್ಟೆ. ಅವನು ಎರಡೂ ಕೈಯಿಂದ ತೆಗೆದುಕೊಂಡ. ಒಳಗಿನಿಂದ ಬಂದ ಆಯಿಗೆ, "ಚಲೋ ಕಲಿಸೀದಿ" ಅಂದ. ಆಯಿ ಸೆರಗು ಸರಿಮಾಡಿಕೊಂಡು ಹಿಗ್ಗಿದಳು. ಮುಂದೆ ಅವನಿದ್ದ ವರ್ಷಗಳಲ್ಲಿ ನಾವು ಬಹಳ ಮಾತಾಡಿದೆವು. ಮಳೆ, ಬೆಳೆ, ಆರೋಗ್ಯ. ಸುಮ್ಮನೆ ಕೂತದ್ದು ನೆನಪಿಲ್ಲ.

ಈಗ ಮುತ್ತ್ಯಾ ಇಲ್ಲ, ಆಯಿ ಇಲ್ಲ, ಅವ್ವ ಅಪ್ಪನೂ ಇಲ್ಲ. ಕುರಿ ಮಾರಿ ಬಹಳ ಕಾಲವಾಯಿತು. ನಾನು ಜತ್ತದಲ್ಲಿ ಒಂದು ಕಚೇರಿಯಲ್ಲಿ ಜನರ ಅಹವಾಲು ಕೇಳುವ ಟೇಬಲ್ಲಿನ ಹಿಂದೆ ಕೂರುತ್ತೇನೆ. ಮಾತಿನಲ್ಲಿ ಜಾಣೆ ಎಂಬ ಕೀರ್ತಿ ಇದೆ. ಕೀರ್ತಿಯನ್ನು ಹೊತ್ತು ಮನೆಗೆ ಬಂದರೆ ಕತ್ತಲ ಕೋಣೆಯಲ್ಲಿ ಮಲಗಬೇಕು, ಯಾರೂ ಮಾತಾಡಿಸಬಾರದು. ಇದು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿ, ಹೋದ ವರ್ಷ ಸಾಂಗಲಿಯ ಒಬ್ಬ ಮನೋರೋಗದ ಡಾಕ್ಟರಬಾಯಿಯ ಹತ್ತಿರ ಹೋದೆ. ಆಕೆ ಅನೇಕ ಪ್ರಶ್ನೆ ಕೇಳಿದಳು. ನಡುವೆ, "ಪಾಳಿ ಕಧೀ ಸುರೂ ಝಾಲೀ?" ಅಂದಳು. ಮುಟ್ಟು ಯಾವಾಗ ಶುರುವಾಯಿತೆಂದು. ಹೇಳಿದೆ. ಆಕೆ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

ಮೈ ನೆರೆಯುವ ಹೊತ್ತಿಗೂ ಇಂಥ ಸ್ವಭಾವಕ್ಕೂ ಏನೋ ನಂಟಿರಬಹುದೆಂದು ತಿಳಿದವರು ಹುಡುಕುತ್ತಿದ್ದಾರಂತೆ. ಕೆಲವರಲ್ಲಿ ಬೇಗ, ಕೆಲವರಲ್ಲಿ ತಡ. ಇದರಿಂದಲೇ ಅದು ಎಂದು ಹೇಳಲು ಇನ್ನೂ ಬರುವುದಿಲ್ಲವಂತೆ. ನಮ್ಮ ಪಡಸಾಲೆಯ ಮುದುಕಿ ಎಲೆಯಡಿಕೆ ಹಾಕಿಕೊಂಡು ಮುಗಿಸಿದ ವಿಷಯದ ಮೇಲೆ ಡಾಕ್ಟರಬಾಯಿ ಇಷ್ಟು ಎಚ್ಚರಿಕೆಯಿಂದ ಮಾತಾಡಿದ್ದು ನನಗೆ ಹಿಡಿಸಿತು. ಅಷ್ಟು ಬೇಗ ದೊಡ್ಡವರಾದ ಹುಡುಗಿಯರು ಉಳಿದವರಂತೆ ನಟಿಸುವುದನ್ನೂ ಬೇಗ ಕಲಿತುಬಿಡುತ್ತಾರೆ, ಆಮೇಲೆ ಗುರುತು ಹಿಡಿಯುವುದು ಕಷ್ಟ ಎಂದಳು. ನನ್ನದು ಆಟಿಸಂ ಎಂದು ನಿಶ್ಚಯವಾಗಿ ಹೇಳಬೇಕಾದರೆ, ದೊಡ್ಡವಳಾಗುವ ಮೊದಲು ನಾನು ಹೇಗಿದ್ದೆ ಎಂದು ಬಲ್ಲವರು ಯಾರಾದರೂ ಬೇಕು; ಕರೆದುಕೊಂಡು ಬನ್ನಿ, ಇಲ್ಲವಾದರೆ ಫೋನಿನಲ್ಲಾದರೂ ಮಾತಾಡಿಸಿ ಎಂದಳು.

ಹೊರಗೆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಬದುಕಿರುವವರಲ್ಲಿ ಅಂಥವಳು ರೇಣುಕಾ ಒಬ್ಬಳೇ. ಶೇಗಾಂವಕ್ಕೆ ಕೊಟ್ಟಿದ್ದಾರೆ, ಮೊಮ್ಮಗುವನ್ನೂ ಕಂಡಿದ್ದಾಳೆ. ಫೋನು ಮಾಡಿ ವಿಷಯ ಹೇಳಿದೆ.

"ನಾ ಏನ ಹೇಳ್ಲೆಕ್ಕಾ ಡಾಕ್ಟರಿಗಿ?" ಅಂದಳು. ನಾನು ದೊಡ್ಡವಳಾದ ಆ ವರ್ಷದಿಂದ ಅವಳು ನನ್ನನ್ನು ಅಕ್ಕ ಅನ್ನತೊಡಗಿದ್ದಳು. ಯಾರು ಹೇಳಿಕೊಟ್ಟರೋ, ಯಾರೂ ತಿದ್ದಲಿಲ್ಲ. "ನಾ ನಿನಗಿಂತ ಸಣ್ಣಾಕಿ. ನನಗ ತಿಳಿಯೂ ಹೊತ್ತಿಗಿ ನೀ ಸೀರಿ ಉಟಗೊಂಡ ಚಾ ಕೊಡ್ತಿದ್ದಿ ಬಂದವ್ರಿಗಿ."

"ರೇಣುಕಾ, ನೀ ನನಗಿಂತ ಒಂದ ವರ್ಷ ದೊಡ್ಡಾಕಿ."

ಆ ಕಡೆ ಮಗು ಅಳುವುದು ಕೇಳಿಸುತ್ತಿತ್ತು. ಅವಳು ಲೆಕ್ಕ ಹಾಕುತ್ತಿರಬೇಕು.

"ಹೌದಲ್ಲ" ಅಂದಳು. ದನಿ ಸಣ್ಣಗಾಗಿತ್ತು. "ಹೌದ ಬಿಡು, ನಾನ ದೊಡ್ಡಾಕಿ. ಆದ್ರ ನೀ ಸಣ್ಣಾಕಿ ಇದ್ದಿದ್ದ ನನಗ ನೆನಪ ಇಲ್ಲಕ್ಕಾ."

"ಇದ್ನಿ" ಅಂದೆ. "ಸ್ವಲ್ಪ ದಿನ ಇದ್ನಿ."